ನಂದಿಬೆಟ್ಟದ ಮಂಜು, ಶಿಡ್ಲಘಟ್ಟದ ಹಬೆ ಮತ್ತು ಕಣ ಎಣಿಸುವ ಪೆಟ್ಟಿಗೆ

ನಂದಿಬೆಟ್ಟದ ಮೇಲೆ ಮಂಜು ಕವಿದಾಗ ಬೆಂಗಳೂರಿನಿಂದ ಬಂದವರೆಲ್ಲ ಎದೆ ತುಂಬ ಉಸಿರೆಳೆದುಕೊಂಡು "ಎಷ್ಟು ಚೆನ್ನಾಗಿದೆ ಗಾಳಿ" ಅನ್ನುತ್ತಾರೆ. ತಂಪಾಗಿರುತ್ತದೆ, ನಿಜ. ನಗರದ ಗಾಳಿಗಿಂತ ಚೆನ್ನಾಗಿರುತ್ತದೆ, ಅದೂ ನಿಜ. ಆದರೆ ಮಂಜು ಬಂದು ಗಾಳಿಯನ್ನು ತೊಳೆದುಬಿಟ್ಟಿದೆ ಅಂತ ಬಹಳ ಜನ ನಂಬಿದ್ದಾರೆ. ಅದು ಹಾಗಲ್ಲ. ಮಂಜಿನ ಒಂದೊಂದು ಹನಿಯೊಳಗೂ ಒಂದು ಕಣ ಇರುತ್ತದೆ. ಹನಿಯಾಗದೆ ಉಳಿದ ಸಣ್ಣ ಕಣಗಳು ಹನಿಗಳ ನಡುವೆಯೇ ಇನ್ನೂ ತೇಲುತ್ತಿರುತ್ತವೆ. ಆ ಕಣಗಳನ್ನು ಎಣಿಸುವುದು ನನ್ನ ಕೆಲಸ.

ನಾನು ಶಿಡ್ಲಘಟ್ಟದವಳು. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಗಾಳಿಯ ಕಣಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. 1,478 ಮೀಟರ್ ಎತ್ತರದ ನಂದಿಬೆಟ್ಟ ನಮಗೆ ತುಂಬ ಅನುಕೂಲದ ಜಾಗ. ಕೆಳಗಿನಿಂದ ನೋಡಿದವರಿಗೆ ಅದು ಮೋಡ. ಮೇಲೆ ನಿಂತವರಿಗೆ ಅದೇ ಮಂಜು. ಮೋಡದ ಒಳಗೆ ಏನು ನಡೆಯುತ್ತದೆ ಅಂತ ನೋಡುವುದಕ್ಕೆ ವಿಮಾನ ಬೇಕಿಲ್ಲ, ಜೀಪು ಸಾಕು.

ಮೇಲೆ ನಾವು ಎರಡು ಪೆಟ್ಟಿಗೆ ಇಡುತ್ತೇವೆ. ಒಂದು ಬೆಳಕಿನಿಂದ ಕಣ ನೋಡುವ ಸಾಮಾನ್ಯ ಕೌಂಟರ್. ಮನೆಯಲ್ಲಿ ಇಟ್ಟುಕೊಳ್ಳುವ ಗಾಳಿ ಸೆನ್ಸರ್‌ಗಳಿಗೆ ಇದು ದೊಡ್ಡಣ್ಣ. ಸುಮಾರು 0.3 ಮೈಕ್ರಾನ್‌ಗಿಂತ ದೊಡ್ಡ ಕಣ ಮಾತ್ರ ಇದಕ್ಕೆ ಕಾಣುತ್ತದೆ. (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ಒಂದು ನ್ಯಾನೋಮೀಟರ್ ಅಂದರೆ ಅದರ ಸಾವಿರದಲ್ಲೊಂದು ಪಾಲು.) ಇನ್ನೊಂದು, ಆವಿಯಿಂದ ಕಣ ಬೆಳೆಸಿ ಎಣಿಸುವ ಕೌಂಟರ್. ಇದಕ್ಕೆ 10 ನ್ಯಾನೋಮೀಟರ್‌ನಷ್ಟು ಸಣ್ಣ ಕಣವೂ ಸಿಗುತ್ತದೆ. ಅಂದರೆ ಮೊದಲನೆಯದು ಹಿಡಿಯುವ ಅತಿ ಸಣ್ಣ ಕಣಕ್ಕಿಂತ ಮೂವತ್ತು ಪಟ್ಟು ಸಣ್ಣದು.

ಮಂಜು ಬರುವ ಹೊತ್ತಿಗೆ ಈ ಎರಡರ ಪರದೆ ಅಕ್ಕಪಕ್ಕ ಇಟ್ಟುಕೊಂಡು ನೋಡಬೇಕು. ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಹೊತ್ತು ಅದು. ಕಣ್ಣಿಗೆ ಇನ್ನೂ ಮಂಜು ಕಂಡಿರುವುದಿಲ್ಲ. ಕೆಳಗಿನ ಊರುಗಳ ದೀಪ ಸ್ವಲ್ಪ ಮಸುಕಾಗಿರುತ್ತವೆ, ಅಷ್ಟೆ. ಆಗಲೇ ಮೊದಲನೇ ಪೆಟ್ಟಿಗೆಯ ಅಂಕಿ ಏರಲು ಶುರುವಾಗುತ್ತದೆ. ತೇವಾಂಶ ಶೇ. 90 ದಾಟಿತು, ಇನ್ನೂ ಏರಿತು. ಮಂಜು ಬಂದು ಮುಖಕ್ಕೆ ತಾಗುವಾಗ ಅದು ಎಲ್ಲೋ ಹೋಗಿ ಕೂತಿರುತ್ತದೆ. ಅದರ ಲೆಕ್ಕದಲ್ಲಿ ನಂದಿಬೆಟ್ಟದಲ್ಲಿ ಆಗ ಭಯಂಕರ ಮಾಲಿನ್ಯ. ಎರಡನೇ ಪೆಟ್ಟಿಗೆಯ ಅಂಕಿ ಮಾತ್ರ ಹೆಚ್ಚೇನೂ ಅಲುಗಾಡುವುದಿಲ್ಲ. ಸ್ವಲ್ಪ ಇಳಿಯುತ್ತದೆ. ಅದೇ ಗಾಳಿ, ಅದೇ ನಿಮಿಷ, ಎರಡು ಉತ್ತರ.

ಎರಡೂ ಸರಿಯೇ. ನಾವು ಕೇಳಿದ ಪ್ರಶ್ನೆ ಬೇರೆ ಬೇರೆ, ಅಷ್ಟೆ. ಇದು ಅರ್ಥ ಆಗಬೇಕಾದರೆ ಆವಿ ಹೇಗೆ ಹನಿಯಾಗುತ್ತದೆ ಅಂತ ತಿಳಿಯಬೇಕು.

ಗಾಳಿ ತಣ್ಣಗಾದರೆ ಆವಿ ನೀರಾಗುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಅಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಆವಿಗೆ ಕೂರಲು ಜಾಗ ಬೇಕು. ಹುಲ್ಲಿನ ಎಸಳೋ ಕಿಟಕಿಯ ಗಾಜೋ ಇದ್ದರೆ ಅಲ್ಲಿ ಕೂರುತ್ತದೆ. ಬರೀ ಗಾಳಿಯಲ್ಲಿ ಕೂರಬೇಕಾದರೆ ಕಣ ಬೇಕೇ ಬೇಕು. 1875ರಲ್ಲಿ ಫ್ರಾನ್ಸಿನ ಕೂಲಿಯೇ (Coulier) ಅನ್ನುವ ವಿಜ್ಞಾನಿ ಇದನ್ನು ಗಾಜಿನ ಪಾತ್ರೆಯಲ್ಲಿ ಕಂಡ. ಪಾತ್ರೆಯೊಳಗೆ ಸ್ವಲ್ಪ ನೀರು ಇಟ್ಟು, ಒಳಗಿನ ಗಾಳಿಯನ್ನು ತಟಕ್ಕನೆ ಹಿಗ್ಗಿಸಿದರೆ ಮಂಜು ಕಟ್ಟುತ್ತಿತ್ತು. ಹತ್ತಿಯಲ್ಲಿ ಸೋಸಿದ ಗಾಳಿ ಹಾಕಿದರೆ ಕಟ್ಟುತ್ತಿರಲಿಲ್ಲ. ಕೆಲವೇ ವರ್ಷಗಳಲ್ಲಿ ಸ್ಕಾಟ್ಲೆಂಡಿನ ಜಾನ್ ಐಟ್ಕನ್ ತಾನೇ ಈ ದಾರಿ ಹಿಡಿದ. ಅವನದು ಎಂಥ ತಾಳ್ಮೆ! ಒಂದು ಹನಿಗೆ ಒಂದು ಕಣ ಅಂತಾದರೆ, ಹನಿ ಎಣಿಸಿದರೆ ಕಣ ಎಣಿಸಿದಂತೆ ಅಲ್ವಾ? ಅವನು ಬೆಳ್ಳಿಯ ತಟ್ಟೆಯ ಮೇಲೆ ಒಂದೊಂದು ಮಿಲಿಮೀಟರಿಗೆ ಗೆರೆ ಎಳೆದು ಚೌಕ ಮಾಡಿದ. ಆ ಚೌಕಗಳ ಮೇಲೆ ಬಿದ್ದ ಹನಿಗಳನ್ನು ಭೂತಗನ್ನಡಿಯಲ್ಲಿ ನೋಡಿ ಎಣಿಸಿದ. 1888ರಲ್ಲಿ ಅದನ್ನು ಪ್ರಕಟಿಸಿದ. ಆಮೇಲೆ ಆ ಸಲಕರಣೆ ಹೊತ್ತುಕೊಂಡು ಸ್ವಿಟ್ಜರ್‌ಲೆಂಡಿನ ರಿಗಿ ಬೆಟ್ಟಕ್ಕೂ ಪ್ಯಾರಿಸ್ಸಿನ ಐಫೆಲ್ ಗೋಪುರಕ್ಕೂ ಹೋಗಿ ಎಣಿಸಿದ. ನಾನು ನಂದಿಬೆಟ್ಟ ಹತ್ತುವಾಗ ಅವನನ್ನು ನೆನೆಸಿಕೊಳ್ಳುತ್ತೇನೆ. 100 ನ್ಯಾನೋಮೀಟರ್‌ಗಿಂತ ಸಣ್ಣ ಕಣಗಳಿಗೆ ಇವತ್ತಿಗೂ ಐಟ್ಕನ್ ಕಣ ಅನ್ನುವ ಹೆಸರು ಬಳಕೆಯಲ್ಲಿದೆ.

ಕಣವೇ ಇಲ್ಲದಿದ್ದರೆ ಹನಿ ಆಗುವುದೇ ಇಲ್ಲವಾ? ಆಗುತ್ತದೆ, ಆದರೆ ಆವಿ ವಿಪರೀತ ತುಂಬಬೇಕು. ಇದನ್ನು ಕಂಡವನು ಇನ್ನೊಬ್ಬ ಸ್ಕಾಟಿಷ್, ಸಿ.ಟಿ.ಆರ್. ವಿಲ್ಸನ್. 1894ರಲ್ಲಿ ಬೆನ್ ನೆವಿಸ್ ಬೆಟ್ಟದ ಮೇಲಿನ ಹವಾಮಾನ ಕೇಂದ್ರದಲ್ಲಿ ಕೆಲವು ವಾರ ಇದ್ದ. ಮೋಡದ ಮೇಲೆ ಬೀಳುವ ಬಣ್ಣದ ಬಳೆಗಳಿಗೆ ಮರುಳಾಗಿ, ಪ್ರಯೋಗಾಲಯದಲ್ಲಿ ಮೋಡ ಮಾಡಲು ಹೊರಟ. ಧೂಳೆಲ್ಲ ತೆಗೆದ ಗಾಳಿಯಲ್ಲಿ, ಗಾಳಿ ಹಿಡಿಯಬಲ್ಲದ್ದಕ್ಕಿಂತ ನಾಲ್ಕು ಪಟ್ಟು ಆವಿ ಆದಾಗ ವಿದ್ಯುತ್ ಹೊತ್ತ ಅಯಾನುಗಳ ಮೇಲೆ ಹನಿ ಕಟ್ಟುವುದನ್ನು ಕಂಡ. ಅದರಿಂದ ಬಂದದ್ದೇ ಪರಮಾಣುವಿನ ಕಣಗಳ ಜಾಡನ್ನು ಹನಿಗಳ ಗೆರೆಯಾಗಿ ತೋರಿಸುವ ಕ್ಲೌಡ್ ಚೇಂಬರ್, 1927ರ ನೊಬೆಲ್. ಒಂದು ಬೆಟ್ಟದ ಮೇಲೆ ಮೋಡ ನೋಡುತ್ತ ನಿಂತವನಿಂದ ಪರಮಾಣು ಭೌತಶಾಸ್ತ್ರಕ್ಕೆ ಒಂದು ಕಣ್ಣು ಸಿಕ್ಕಿತು. ಬೆಟ್ಟಕ್ಕೆ ಹೋಗುವ ಮಕ್ಕಳಿಗೆ ಇದನ್ನು ಹೇಳಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಇನ್ನು ಕಣದ ಗಾತ್ರದ ವಿಷಯ. ಸಣ್ಣ ಹನಿಯ ಮೈ ತುಂಬ ಬಾಗಿರುತ್ತದೆ. ಬಾಗಿದ ಮೈಯಲ್ಲಿರುವ ನೀರಿನ ಅಣುವಿಗೆ ಹಿಡಿದುಕೊಳ್ಳಲು ಅಕ್ಕಪಕ್ಕದವರು ಕಡಿಮೆ. ಹಾಗಾಗಿ ಅದು ಬೇಗ ಹಾರಿಹೋಗುತ್ತದೆ. ಹನಿ ಉಳಿಯಬೇಕಾದರೆ ಸುತ್ತ ಆವಿ ಜಾಸ್ತಿ ಇರಬೇಕು. ಎಷ್ಟು ಜಾಸ್ತಿ ಅಂತ ಹೇಳುವ ಸೂತ್ರ ಭೌತವಿಜ್ಞಾನಿ ಕೆಲ್ವಿನ್‌ನದು, 1871ರದ್ದು. 100 ನ್ಯಾನೋಮೀಟರ್‌ನ ಶುದ್ಧ ನೀರಿನ ಹನಿಗೆ ತೇವಾಂಶ ಶೇ. 102 ಬೇಕು (ಶೇ. 100 ಅಂದರೆ ಗಾಳಿ ಹಿಡಿಯಬಲ್ಲಷ್ಟು ಆವಿ ತುಂಬಿದೆ ಅಂತ). 10 ನ್ಯಾನೋಮೀಟರ್‌ನ ಹನಿಗೆ ಶೇ. 123ರ ಹತ್ತಿರ ಬೇಕು. ನಿಜವಾದ ಮೋಡದಲ್ಲಿ ಶೇ. 101 ಆಗುವುದೇ ಅಪರೂಪ. ಹಾಗಾದರೆ ಮೋಡ ಹೇಗೆ ಆಗುತ್ತದೆ? ಉಪ್ಪಿನಿಂದ. ಕಣದಲ್ಲಿ ನೀರಿನಲ್ಲಿ ಕರಗುವಂಥದ್ದು ಇದ್ದರೆ ಅದು ಆವಿಯನ್ನು ಎಳೆದು ಹಿಡಿದುಕೊಳ್ಳುತ್ತದೆ. ಹೀಗೆ ಉಪ್ಪಿನ ಎಳೆತವನ್ನೂ ಬಾಗಿದ ಮೈಯ ತಡೆಯನ್ನೂ ಒಂದೇ ಲೆಕ್ಕಕ್ಕೆ ತಂದವನು ಸ್ವೀಡನ್ನಿನ ಕೋಲರ್. ಅದರ ಪ್ರಸಿದ್ಧ ಲೇಖನ 1936ರದ್ದು. ಅಮೋನಿಯಂ ಸಲ್ಫೇಟ್ ಅನ್ನುವ ಉಪ್ಪಿನ 100 ನ್ಯಾನೋಮೀಟರ್ ಕಣಕ್ಕೆ ಶೇ. 100.15 ಆಸುಪಾಸು ಸಾಕು, ಹನಿಯಾಗಿಬಿಡುತ್ತದೆ. 50 ನ್ಯಾನೋಮೀಟರ್ ಕಣಕ್ಕೆ ಶೇ. 100.4ರಷ್ಟಾದರೂ ಬೇಕು.

ನಂದಿಬೆಟ್ಟದ ಎರಡು ಅಂಕಿಗಳ ಗುಟ್ಟು ಇಲ್ಲಿಯೇ ಇದೆ. ಶೇ. 90 ತೇವಾಂಶದಲ್ಲಿ ಅಮೋನಿಯಂ ಸಲ್ಫೇಟಿನ ಕಣ ನೀರು ಕುಡಿದು ಸುಮಾರು 1.7 ಪಟ್ಟು ಅಗಲವಾಗುತ್ತದೆ. ಗಾತ್ರದಲ್ಲಿ ಹತ್ತಿರ ಹತ್ತಿರ ಐದು ಪಟ್ಟು. ಅಂದರೆ ಮಂಜು ಕಣ್ಣಿಗೆ ಕಾಣುವ ಮೊದಲೇ ಕಣಗಳು ಉಬ್ಬಿ, 0.3 ಮೈಕ್ರಾನಿನ ಗೆರೆ ದಾಟಿ, ಬೆಳಕಿನ ಕೌಂಟರ್‌ಗೆ ಕಾಣಿಸತೊಡಗುತ್ತವೆ. ಹೊಸ ಕಣ ಒಂದೂ ಬಂದಿರುವುದಿಲ್ಲ. ಇದ್ದವೇ ದಪ್ಪಗಾಗಿರುತ್ತವೆ. ಮಂಜು ಕಟ್ಟಿದ ಮೇಲೆ ದೊಡ್ಡ ಕಣಗಳು ಹನಿಯಾಗುತ್ತವೆ. ಸಾಮಾನ್ಯ ಮಂಜಿನಲ್ಲಿ ತೇವಾಂಶ ನೂರನ್ನು ದಾಟುವುದು ಬಹಳ ಕೊಂಚ, ಶೇ. 0.1ಕ್ಕೂ ಕಡಿಮೆ. ಬೆಟ್ಟ ಏರಿ ಬರುವ ಮೋಡದಲ್ಲಿ ಇನ್ನು ಸ್ವಲ್ಪ ಜಾಸ್ತಿ. ಅಷ್ಟರಲ್ಲಿ ದೊಡ್ಡವಕ್ಕೆ ಮಾತ್ರ ಹನಿಯಾಗುವ ಅವಕಾಶ. ಸಣ್ಣವು ಹಾಗೇ ಉಳಿಯುತ್ತವೆ. ಎಣಿಕೆಯಲ್ಲಿ ಸಣ್ಣವೇ ಜಾಸ್ತಿ ಇರುವುದರಿಂದ ಎರಡನೇ ಪೆಟ್ಟಿಗೆಯ ಅಂಕಿ ಅಷ್ಟಾಗಿ ಇಳಿಯುವುದಿಲ್ಲ. ಅದರ ಬಾಯಿಗೆ ಸೈಕ್ಲೋನ್ ಅನ್ನುವ ಸಣ್ಣ ಲೋಹದ ಕೊಳವೆ ಕಟ್ಟಿರುತ್ತೇವೆ. ಗಾಳಿ ಅದರಲ್ಲಿ ಸುತ್ತುವಾಗ ದಪ್ಪ ಹನಿಗಳು ಗೋಡೆಗೆ ಬಡಿದು ನಿಂತುಬಿಡುತ್ತವೆ, ಸಣ್ಣವು ಒಳಗೆ ಹೋಗುತ್ತವೆ. ಮಂಜಿಗೆ ಮುಂಚಿನ ಎಣಿಕೆಯಿಂದ ಮಂಜಿನ ನಡುವಿನ ಎಣಿಕೆ ಕಳೆದರೆ, ಎಷ್ಟು ಕಣ ಹನಿಯಾಯಿತು ಅನ್ನುವ ಅಂದಾಜು ಸಿಗುತ್ತದೆ.

ಈಗ ಆ ಎರಡನೇ ಪೆಟ್ಟಿಗೆಯ ಹೊಟ್ಟೆಯೊಳಗೆ ಹೋಗೋಣ.

ಸಣ್ಣ ಕಣವನ್ನು ನೇರವಾಗಿ ಬೆಳಕಿನಲ್ಲಿ ನೋಡಲು ಆಗದಿರುವುದಕ್ಕೆ ಒಂದು ಗಟ್ಟಿ ಕಾರಣವಿದೆ. ಬೆಳಕಿನ ಅಲೆಗಿಂತ ತುಂಬ ಸಣ್ಣ ಕಣದ ಅಗಲವನ್ನು ಅರ್ಧ ಮಾಡಿದರೆ ಅದು ಚದುರಿಸುವ ಬೆಳಕು 64 ಪಟ್ಟು ಕಡಿಮೆಯಾಗುತ್ತದೆ. ಹತ್ತನೇ ಒಂದು ಮಾಡಿದರೆ 10 ಲಕ್ಷ ಪಟ್ಟು ಕಡಿಮೆ. ಎಂಥ ಲೇಸರ್ ತಂದರೂ ಈ ಲೆಕ್ಕವನ್ನು ಗೆಲ್ಲುವುದು ಕಷ್ಟ. ಅದಕ್ಕೆ ಐಟ್ಕನ್‌ನ ದಾರಿಯೇ ಇವತ್ತಿಗೂ ದಾರಿ. ಕಣ ಕಾಣದಿದ್ದರೆ ಕಾಣುವಷ್ಟು ಬೆಳೆಸು.

ನಮ್ಮ ಪೆಟ್ಟಿಗೆಯಲ್ಲಿ ನಿಮಿಷಕ್ಕೆ ಒಂದು ಲೀಟರ್ ಗಾಳಿ ಹೋಗುತ್ತದೆ. ಮೊದಲು ಅದು ಒಂದು ಬಗೆಯ ಆಲ್ಕೋಹಾಲ್ ಆದ ಬ್ಯೂಟನಾಲ್‌ನಲ್ಲಿ ನೆನೆದ ಬೆಚ್ಚನೆಯ ಕೋಣೆಯ ಮೂಲಕ ಹಾಯುತ್ತದೆ. ಅಲ್ಲಿ ಬಿಸಿ 39 ಡಿಗ್ರಿ. ಗಾಳಿಗೆ ಬ್ಯೂಟನಾಲ್ ಆವಿ ತುಂಬಿಕೊಳ್ಳುತ್ತದೆ. ಆಮೇಲೆ 22 ಡಿಗ್ರಿಯ ತಂಪು ಕೊಳವೆ. ಗಾಳಿ ತಟ್ಟನೆ ತಣ್ಣಗಾಗುತ್ತದೆ. ಹಿಡಿಯಬಲ್ಲದ್ದಕ್ಕಿಂತ ಸುಮಾರು ಎರಡು-ಮೂರು ಪಟ್ಟು ಆವಿ ಈಗ ಗಾಳಿಯಲ್ಲಿದೆ. ಮೋಡ ಕೊಡುವುದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಉಪ್ಪಿರಲಿ, ಮಸಿಯಿರಲಿ, ಎಲ್ಲ ಕಣದ ಮೇಲೂ ಆವಿ ಕೂರುತ್ತದೆ. ಒಂದು ಸೆಕೆಂಡಿನೊಳಗೆ 10 ನ್ಯಾನೋಮೀಟರ್ ಕಣ ಹತ್ತು ಮೈಕ್ರಾನ್ ಆಸುಪಾಸಿನ ಹನಿಯಾಗುತ್ತದೆ. ಅಗಲದಲ್ಲಿ ಸಾವಿರ ಪಟ್ಟು, ಗಾತ್ರದಲ್ಲಿ ನೂರು ಕೋಟಿ ಪಟ್ಟು! ಆ ಹನಿ ಲೇಸರ್ ಗೆರೆ ದಾಟುವಾಗ ಒಮ್ಮೆ ಮಿಂಚುತ್ತದೆ. ಒಂದು ಮಿಂಚು, ಒಂದು ಕಣ. ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ ಸಾವಿರ ಕಣ ಇದ್ದರೂ ಸೆಕೆಂಡಿಗೆ ಹದಿನಾರು ಸಾವಿರಕ್ಕೂ ಹೆಚ್ಚು ಮಿಂಚು ಎಣಿಸಬೇಕು. ಗಾಳಿ ತೀರ ಹೊಲಸಾಗಿದ್ದರೆ ಎರಡು ಹನಿ ಒಟ್ಟಿಗೆ ದಾಟಿ ಒಂದೇ ಅಂತ ಲೆಕ್ಕವಾಗುತ್ತದೆ. ಅದಕ್ಕೂ ತಿದ್ದುಪಡಿ ಇದೆ.

ಒಂದು ಮಾತು. ಇಷ್ಟೆಲ್ಲ ಆದ ಮೇಲೆ ನಮಗೆ ಕಾಣುವುದು ಹನಿ, ಕಣವಲ್ಲ. ನಮ್ಮೂರಿನವರಿಗೆ ಹೇಳುವುದಾದರೆ, ರೇಷ್ಮೆ ಗೂಡು ಕಾಣುತ್ತದೆ, ಒಳಗಿನ ಹುಳು ಕಾಣುವುದಿಲ್ಲ. ಗೂಡು ಎಣಿಸಿದರೆ ಹುಳು ಎಷ್ಟು ಅಂತ ಗೊತ್ತಾಗುತ್ತದೆ. ಆದರೆ ಹುಳು ಯಾವ ತಳಿಯದು ಅಂತ ಹೇಳಲು ಬರುವುದಿಲ್ಲ. ಕಣ ಸೌದೆ ಹೊಗೆಯದೋ ಡೀಸೆಲ್‌ನದೋ ತಿಳಿಯಬೇಕಾದರೆ ಬೇರೆ ಯಂತ್ರ ಬೇಕು.

ನೀರು ಬಿಟ್ಟು ಬ್ಯೂಟನಾಲ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಅದರ ವಾಸನೆ ತಲೆಗೆ ಹತ್ತುತ್ತದೆ, ಬೆಂಕಿಗೂ ಬೇಗ ಹಿಡಿಯುತ್ತದೆ, ಜೀಪಿನಲ್ಲಿ ಒಯ್ಯುವುದು ಕಿರಿಕಿರಿ. ಆದರೂ ಕಾರಣವಿದೆ. ಬ್ಯೂಟನಾಲ್ ಅಣು ದಪ್ಪ, ನಿಧಾನ. ತಂಪು ಕೊಳವೆಯಲ್ಲಿ ಗಾಳಿಯ ಬಿಸಿ ಬೇಗ ಗೋಡೆ ಸೇರುತ್ತದೆ, ಆವಿ ಹಿಂದೆ ಉಳಿಯುತ್ತದೆ. ನಡುವಿನ ಗಾಳಿಯಲ್ಲಿ ಆವಿ ಹೆಚ್ಚಾಗಿ ನಿಲ್ಲುತ್ತದೆ. ನಮಗೆ ಬೇಕಾದದ್ದು ಅದೇ. ನೀರಿನ ಅಣು ಹಗುರ. ಬಿಸಿಗಿಂತ ಬೇಗ ಓಡಿ ಗೋಡೆ ಸೇರಿಬಿಡುತ್ತದೆ, ಕಣಕ್ಕೆ ಸಿಗುವುದಿಲ್ಲ. ನೀರಿನಲ್ಲೇ ಮಾಡಬೇಕಾದರೆ ಉಲ್ಟಾ ಮಾಡಬೇಕು. ತಣ್ಣನೆಯ ಗಾಳಿಯನ್ನು ಬೆಚ್ಚನೆಯ ಒದ್ದೆ ಕೊಳವೆಗೆ ಬಿಡಬೇಕು. ಬಿಸಿ ಒಳಗೆ ತಲುಪುವ ಮೊದಲೇ ಆವಿ ತಲುಪುತ್ತದೆ. ಈ ಉಪಾಯವನ್ನು ಅಮೆರಿಕದ ಸುಸಾನ್ ಹೆರಿಂಗ್ ಮತ್ತು ಜೊತೆಗಾರರು 2005ರಲ್ಲಿ ತೋರಿಸಿದರು. ಸುಮ್ನೆ ದ್ರವ ಬದಲಾಯಿಸಿದರೆ ಆಗದ ಕೆಲಸ ಬಿಸಿ-ತಂಪಿನ ಸಾಲು ಬದಲಾಯಿಸಿದಾಗ ಆಯಿತು. ಇಂಥ ಯೋಚನೆ ಕಂಡಾಗ ನನಗೆ ಬಹಳ ಖುಷಿಯಾಗುತ್ತದೆ.

ಬೆಟ್ಟಕ್ಕೆ ಒಯ್ಯುವಾಗ ಪೆಟ್ಟಿಗೆಯ ಬ್ಯೂಟನಾಲನ್ನು ಪೂರ್ತಿ ಬಸಿದು ಒಯ್ಯಬೇಕು. ನಂದಿಯ ತಿರುವುಗಳಲ್ಲಿ ಪೆಟ್ಟಿಗೆ ವಾಲಿದರೆ ದ್ರವ ಹೋಗಿ ಲೇಸರ್ ಗಾಜಿನ ಮೇಲೆ ಕೂರುತ್ತದೆ, ಅಲ್ಲಿಗೆ ಕೆಲಸ ಮುಗಿಯಿತು. ಮೇಲೆ ಹೋಗಿ ಮತ್ತೆ ತುಂಬಿಸಿ, ಬಿಸಿಯಾಗಲು ಬಿಟ್ಟು, ಬಾಯಿಗೆ ಫಿಲ್ಟರ್ ಹಾಕಿ ಅಂಕಿ ಸೊನ್ನೆಗೆ ಬರುತ್ತದಾ ನೋಡುತ್ತೇವೆ. ಸೊನ್ನೆ ಬರದಿದ್ದರೆ ಎಲ್ಲೋ ಕೊಳವೆ ಸೋರುತ್ತಿದೆ ಅಂತ ಅರ್ಥ. ಆಮೇಲೆ ತೇವ. ಮಂಜಿನ ಗಾಳಿ ನೇರವಾಗಿ ಒಳಗೆ ಹೋದರೆ ತಂಪು ಕೊಳವೆಯಲ್ಲಿ ನೀರೂ ಸೇರಿಕೊಂಡು ಬ್ಯೂಟನಾಲ್ ಕೆಡುತ್ತದೆ. ಅದಕ್ಕೆ ಮುಂದೆ ಸಿಲಿಕಾ ಜೆಲ್ ಕೊಳವೆ ಇಡುತ್ತೇವೆ. ಒಳಗೆ ತಂತಿ ಬಲೆಯ ದಾರಿ, ಅದರ ಸುತ್ತ ಕಿತ್ತಳೆ ಬಣ್ಣದ ಹರಳು. ಗಾಳಿ ಹರಳಿಗೆ ತಾಗದೆ ನಡುವೆ ಹೋಗುತ್ತದೆ, ತೇವ ಮಾತ್ರ ಪಕ್ಕಕ್ಕೆ ಸರಿದು ಹರಳು ಸೇರುತ್ತದೆ. ಮಂಜು ಜೋರಾದ ದಿನ ಹರಳು ಬಾಯಿಯ ಕಡೆಯಿಂದ ಹಸಿರಾಗುತ್ತಾ ಬರುತ್ತದೆ. ಹಸಿರು ಅರ್ಧ ದಾಟಿದರೆ ಕೊಳವೆ ಬದಲಾಯಿಸಬೇಕು. ಬೆಂಗಳೂರಿಗೆ ಬಂದು ಒಲೆಯಲ್ಲಿ ಕಾಯಿಸಿದರೆ ಮತ್ತೆ ಕಿತ್ತಳೆ.

ಬೆಟ್ಟದ ಮೇಲೆ ನಮ್ಮ ಅಂಕಿ ಕೆಡಿಸುವುದು ಮುಸುಕಿನ ಜೋಳ ಸುಡುವ ಗಾಡಿಗಳು. ಗಾಳಿ ಆ ಕಡೆಯಿಂದ ಬೀಸಿತೋ, ಎರಡು-ಮೂರು ಸಾವಿರದಲ್ಲಿದ್ದ ಅಂಕಿ ತಟಕ್ಕನೆ ಹತ್ತಾರು ಸಾವಿರ. ಅಲ್ಲಿ ಜೋಳ ಸುಡುವ ಅಜ್ಜಿಯೊಬ್ಬರಿಗೆ ಪರದೆ ತೋರಿಸಿದೆ. ಅವರು ಬೀಸಣಿಗೆ ಬೀಸಿದಾಗಲೆಲ್ಲ ಅಂಕಿ ಏರುವುದನ್ನು ನೋಡಿ, "ಅಯ್ಯೋ, ಇಷ್ಟೂ ನಂದೇನಮ್ಮಾ? ಇಷ್ಟು ವರ್ಷ ಇದನ್ನೇ ಕುಡ್ಕೊಂಡು ಕೂತಿದೀನಲ್ಲ" ಅಂದರು. ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಆ ಮಾತಿನಿಂದಲೇ ಕೈಯಲ್ಲಿ ಹಿಡಿಯುವ ಸಣ್ಣ ಕೌಂಟರನ್ನು ಊರಿಗೆ ಒಯ್ದೆ.

ನಮ್ಮಪ್ಪನದು ರೇಷ್ಮೆ ನೂಲು ಬಿಚ್ಚಾಣಿಕೆ. ಶಿಡ್ಲಘಟ್ಟ ನೋಡದವರಿಗೆ ಹೇಳುತ್ತೇನೆ. ಮಾರುಕಟ್ಟೆಯಿಂದ ತಂದ ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಅಂಟು ಬಿಟ್ಟ ಮೇಲೆ ಎಳೆ ಹಿಡಿದು ರಾಟೆಗೆ ಸುತ್ತುತ್ತಾರೆ. ಶೆಡ್ಡಿನ ತುಂಬ ಹಬೆ. ಬೆಂದ ಹುಳುವಿನ ವಾಸನೆ. ಬೇಸಿನ್‌ಗಳ ಮುಂದೆ ದಿನವಿಡೀ ನಿಂತು ಎಳೆ ಹಿಡಿಯುವವರು ಹೆಚ್ಚಾಗಿ ಹೆಂಗಸರು. ನಮ್ಮ ಶೆಡ್ಡಿನಲ್ಲಿ ಇನ್ನೂ ಸೌದೆ ಒಲೆ.

ಅಪ್ಪ ನನ್ನ ಕೈಯಲ್ಲಿದ್ದ ಯಂತ್ರ ನೋಡಿ, "ಹಬೇಲಿ ಏನಮ್ಮಾ ಎಣಿಸ್ತೀಯ? ಅದು ಬರೀ ನೀರು" ಅಂದರು. ಆಮೇಲೆ ತಾವೇ ಒಂದು ಮಾತು ಹೇಳಿದರು. "ಸೌದೆ ಹಸಿ ಇದ್ದು ಒಲೆ ಹೊಗೆಯಾಡಿದ ದಿನ ಹಬೆ ಜಾಸ್ತಿ ಬೆಳ್ಳಗಿರುತ್ತೆ ನೋಡು. ಎದುರು ನಿಂತವರ ಮುಖಾನೇ ಕಾಣಲ್ಲ."

ಇದನ್ನು ಐಟ್ಕನ್ ಹಬೆಯ ಪ್ರಯೋಗಗಳಲ್ಲಿ ಕಂಡಿದ್ದ. ಆವಿ ಅಷ್ಟೇ ಇದ್ದು ಕಣ ಹೆಚ್ಚಾದರೆ, ಅದೇ ನೀರು ಹೆಚ್ಚು ಹನಿಗಳಿಗೆ ಹಂಚಿಹೋಗುತ್ತದೆ. ಹನಿ ಸಣ್ಣದಾಗುತ್ತದೆ, ಸಂಖ್ಯೆ ಹೆಚ್ಚಾಗುತ್ತದೆ, ಒಟ್ಟಾರೆ ಮೈ ಹೆಚ್ಚಾಗಿ ಬೆಳಕು ಜಾಸ್ತಿ ಚದುರುತ್ತದೆ. ಬಿಳುಪು ಗಟ್ಟಿಯಾಗುತ್ತದೆ. ಮೋಡಕ್ಕೂ ಇದೇ ನಿಯಮ. ಹೊಗೆ ತುಂಬಿದ ಗಾಳಿಯ ಮೋಡ ಹೆಚ್ಚು ಬೆಳ್ಳಗಾಗಿ ಬಿಸಿಲನ್ನು ಹೆಚ್ಚು ಹಿಂದಕ್ಕೆ ಕಳಿಸುತ್ತದೆ ಅಂತ ಶಾನ್ ಟೂಮಿ ಅನ್ನುವ ವಿಜ್ಞಾನಿ 1970ರ ದಶಕದಲ್ಲಿ ಲೆಕ್ಕ ಹಾಕಿದ. ಭೂಮಿ ಎಷ್ಟು ಬಿಸಿಯಾಗುತ್ತದೆ ಅನ್ನುವ ಲೆಕ್ಕದಲ್ಲಿ ಇವತ್ತಿಗೂ ಅತಿ ಗೊಂದಲದ ಭಾಗ ಇದೇ. ಅಪ್ಪ ಅದನ್ನು ಬೇಸಿನ್ ಮುಂದೆ ನಿಂತು ನೋಡಿದ್ದರು.

ಶೆಡ್ಡಿನಲ್ಲಿ ಮೊದಲು ಒಂದು ಅಗ್ಗದ ಪಿಎಂ 2.5 (2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳ) ಸೆನ್ಸರ್ ಇಟ್ಟೆ. ಬೇಸಿನ್ ಹತ್ತಿರ ಅಂಕಿ ಆಕಾಶಕ್ಕೆ. ಒಲೆಯ ಬಾಯಿಯ ಹತ್ತಿರ ಅದಕ್ಕಿಂತ ಕಡಿಮೆ. ಆ ಸೆನ್ಸರ್ ನಂಬಿದರೆ ತೊಂದರೆ ಹಬೆಯಲ್ಲಿದೆ ಅನ್ನಬೇಕು. ಆಮೇಲೆ ಒಣಗಿಸುವ ಕೊಳವೆ ಸಿಕ್ಕಿಸಿ ನನ್ನ ಕೌಂಟರ್ ಇಟ್ಟೆ. ಇದಕ್ಕೆ ಬ್ಯೂಟನಾಲ್ ಬದಲು ಐಸೊಪ್ರೊಪೈಲ್ ಆಲ್ಕೋಹಾಲ್. ಈಗ ಲೆಕ್ಕ ತಿರುಗಿತು. ಒಲೆಯ ಬಾಯಿಯ ಹತ್ತಿರ ಅಂಕಿ ಘನ ಸೆಂಟಿಮೀಟರಿಗೆ ಒಂದು ಲಕ್ಷ ದಾಟಿತು. ಅಲ್ಲಿಗೆ ಯಂತ್ರದ ಮಿತಿಯೇ ಮುಗಿಯಿತು. ಬೇಸಿನ್ ಮುಂದೆ ಅದಕ್ಕಿಂತ ಕಡಿಮೆ. ಒಲೆ ಆರಿಸಿ, ಬಾಗಿಲು ತೆಗೆದು, ಬಿಸಿನೀರು ಮಾತ್ರ ಹಬೆಯಾಡುವಾಗ ನೋಡಿದೆ. ಹಬೆ ಹಾಗೇ ಇತ್ತು, ಅಂಕಿ ಜರ್ರನೆ ಇಳಿಯಿತು. ಪಕ್ಕದ ಬೀದಿಯ ಇನ್ನೊಂದು ಘಟಕದಲ್ಲಿ ಬಾಯ್ಲರ್ ಹೊರಗಿದೆ, ಚಿಮಣಿ ಎತ್ತರಕ್ಕಿದೆ, ಪೈಪಿನಲ್ಲಿ ಹಬೆ ಮಾತ್ರ ಒಳಗೆ ಬರುತ್ತದೆ. ಅಲ್ಲಿನ ಹೆಂಗಸರು ನಮ್ಮ ಶೆಡ್ಡಿನವರಿಗಿಂತ ಎಷ್ಟೋ ಒಳ್ಳೆಯ ಗಾಳಿ ಉಸಿರಾಡುತ್ತಿದ್ದಾರೆ. ಕಣ್ಣಿಗೆ ಎರಡೂ ಶೆಡ್ ಒಂದೇ ಥರ ಬೆಳ್ಳಗೆ ಕಾಣುತ್ತವೆ.

ಇದು ನನಗೆ ಬರೀ ಲೆಕ್ಕವಲ್ಲ. ಅಲ್ಲಿ ನಿಂತು ಎಳೆ ಹಿಡಿಯುವ ಅಕ್ಕಂದಿರು ನನ್ನನ್ನು ಎತ್ತಿ ಆಡಿಸಿದವರು. ಹಬೆಗೆ ಫ್ಯಾನ್ ಹಾಕಿಸುವುದಕ್ಕೆ ಅಪ್ಪ ದುಡ್ಡು ಎತ್ತಿಟ್ಟಿದ್ದರು. ಅದು ಈಗ ಚಿಮಣಿಗೆ ಹೋಗುತ್ತಿದೆ. ಒಲೆಯನ್ನೇ ಗೋಡೆಯಾಚೆ ಸಾಗಿಸುವ ಮಾತೂ ನಡೆದಿದೆ.

ಸರ್ಕಾರದ ಲೆಕ್ಕದಲ್ಲಿ ಗಾಳಿಯ ಕಣವನ್ನು ತೂಕದಲ್ಲಿ ಅಳೆಯುತ್ತಾರೆ. ನಮ್ಮ ದೇಶದ 2009ರ ಮಾನದಂಡದಂತೆ ದಿನದ ಸರಾಸರಿ ಪಿಎಂ 2.5 ಘನ ಮೀಟರಿಗೆ 60 ಮೈಕ್ರೋಗ್ರಾಂ, ಪಿಎಂ 10 ಆದರೆ 100 ಮೈಕ್ರೋಗ್ರಾಂ ದಾಟಬಾರದು. ತೂಕ ಬೇಡ ಅಂತ ನಾನು ಹೇಳುತ್ತಿಲ್ಲ. ಚಿಕ್ಕಬಳ್ಳಾಪುರದ ಸುತ್ತ ಕಲ್ಲು ಕ್ರಷರ್‌ಗಳ ಧೂಳು ತೂಕದಲ್ಲಿ ಸರಿಯಾಗಿ ಸಿಗುತ್ತದೆ. ಆದರೆ 2.5 ಮೈಕ್ರಾನಿನ ಒಂದು ಕಣದ ತೂಕಕ್ಕೆ 25 ನ್ಯಾನೋಮೀಟರಿನ 10 ಲಕ್ಷ ಕಣ ಬೇಕು. ಒಲೆಯಿಂದ, ವಾಹನದ ಹೊಗೆಕೊಳವೆಯಿಂದ, ವಿಮಾನದ ಎಂಜಿನ್‌ನಿಂದ ಆಗಷ್ಟೇ ಬಂದ ಕಣಗಳು ಇಂಥವೇ. ತೂಕದ ತಕ್ಕಡಿಗೆ ಇವು ಬೀಳುವುದೇ ಇಲ್ಲ. ಶ್ವಾಸಕೋಶದ ಕೊನೆಯ ಚೀಲದವರೆಗೆ ಹೋಗುವುದು ಮಾತ್ರ ಇವಕ್ಕೆ ಸುಲಭ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದಕ್ಕೆ ಕಟ್ಟುನಿಟ್ಟಿನ ಮಿತಿ ಹಾಕಲಿಲ್ಲ. ಆದರೆ ದಿನದ ಸರಾಸರಿ ಘನ ಸೆಂಟಿಮೀಟರಿಗೆ ಸಾವಿರಕ್ಕಿಂತ ಕಡಿಮೆ ಇದ್ದರೆ ಕಡಿಮೆ, 10,000 ದಾಟಿದರೆ ಹೆಚ್ಚು ಅಂತ ಒಂದು ಗುರುತು ಕೊಟ್ಟಿತು. ನಮ್ಮಲ್ಲಿ ವಾಹನಗಳ ಹೊಗೆಗೆ ಬಿಎಸ್-6 ನಿಯಮ ಬಂದಾಗ ಡೀಸೆಲ್ ಕಾರಿಗೆ ಎಣಿಕೆಯ ಮಿತಿಯೂ ಬಂತು. ಕಿಲೋಮೀಟರಿಗೆ 60,000 ಕೋಟಿ ಕಣ. ಅದನ್ನು ಎಣಿಸುವುದು ಇದೇ ಬ್ಯೂಟನಾಲ್ ಪೆಟ್ಟಿಗೆ. ಆಸ್ಪತ್ರೆಯವರ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿದೆಯಾ ಅಂತ ನೋಡಲು, ಒಳಗಿನ ಮತ್ತು ಹೊರಗಿನ ಕಣ ಎಣಿಸುವುದೂ ಇದೇ ವಿದ್ಯೆಯಿಂದ. ಕಾರಿಗೆ ಎಣಿಕೆ ಬಂತು. ಒಲೆ ಮುಂದೆ ನಿಂತವರಿಗೂ ಬರಬೇಕು ಅನ್ನುವುದು ನನ್ನ ಆಸೆ.

ಮನೆಯಲ್ಲಿ ಅಗ್ಗದ ಸೆನ್ಸರ್ ಇಟ್ಟುಕೊಂಡವರಿಗೆ ಒಂದು ಮಾತು. ಅಂಕಿಯ ಪಕ್ಕ ತೇವಾಂಶವನ್ನೂ ನೋಡಿ. ಶೇ. 85 ದಾಟಿದ್ದರೆ, ಮಂಜಿದ್ದರೆ, ಸ್ನಾನದ ಮನೆಯ ಬಾಗಿಲು ತೆರೆದಿದ್ದರೆ ಆ ಅಂಕಿಯನ್ನು ಹಾಗೇ ನಂಬಬೇಡಿ. ಅಡುಗೆ ಮನೆಯಲ್ಲಿ ಕುಕ್ಕರ್ ಕೂಗಿದಾಗ ಏರಿ ತಟ್ಟನೆ ಇಳಿದರೆ ಅದು ನೀರು. ಒಗ್ಗರಣೆ ಹಾಕಿದ ಮೇಲೆ ಏರಿ ಇಳಿಯಲು ತಡ ಮಾಡಿದರೆ ಅದು ಹೊಗೆ. ಇನ್ನು ಊದುಬತ್ತಿ ಹಚ್ಚಿದ ಮೇಲೆ ಸ್ವಲ್ಪ ಹೊತ್ತು ಕಿಟಕಿ ತೆಗೆದಿಡಿ.

ಮೇಷ್ಟ್ರುಗಳಿಗೆ ಇನ್ನೊಂದು. ಎರಡು ಲೀಟರಿನ ಖಾಲಿ ಕೂಲ್‌ಡ್ರಿಂಕ್ಸ್ ಬಾಟಲಿ, ಒಂದೆರಡು ಚಮಚ ಬೆಚ್ಚಗಿನ ನೀರು, ಒಂದು ಬೆಂಕಿಪೊಟ್ಟಣ, ಹಿಂದೆ ಕಪ್ಪು ಬಟ್ಟೆ, ಪಕ್ಕದಲ್ಲಿ ಟಾರ್ಚು. ನೀರು ಕುಲುಕಿ, ಮುಚ್ಚಳ ಹಾಕಿ, ಬಾಟಲಿ ಜೋರಾಗಿ ಹಿಸುಕಿ ಬಿಡಿ. ಹೆಚ್ಚೇನೂ ಕಾಣುವುದಿಲ್ಲ. ಈಗ ಕಡ್ಡಿ ಗೀರಿ, ಆರಿಸಿ, ಅದರ ಹೊಗೆ ಸ್ವಲ್ಪ ಒಳಗೆ ಬಿಡಿ. ಮುಚ್ಚಿ, ಹಿಸುಕಿ ಬಿಡಿ. ಬಾಟಲಿಯ ತುಂಬ ಬಿಳಿ ಮಂಜು. ಮತ್ತೆ ಹಿಸುಕಿದರೆ ಮಾಯ, ಬಿಟ್ಟರೆ ಮತ್ತೆ ಹಾಜರ್. ಹಿಸುಕಿದಾಗ ಗಾಳಿ ಬಿಸಿಯಾಗುತ್ತದೆ, ಬಿಟ್ಟಾಗ ತಣ್ಣಗಾಗುತ್ತದೆ. ಕೂಲಿಯೇ ಕಂಡದ್ದು ಇದೇ.

ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿ, ಶಿಡ್ಲಘಟ್ಟ ಕಡೆಯ ಹೈಸ್ಕೂಲಿನವರು ಯಾರಾದರೂ ಇದನ್ನು ಮಾಡಿಸುವುದಾದರೆ ಕೆಳಗೆ ಬರೆಯಿರಿ. ಸಣ್ಣ ಕೌಂಟರ್ ತೆಗೆದುಕೊಂಡು ನಾನೂ ಬರುತ್ತೇನೆ. ಬಿಸಿಯೂಟದ ಅಡುಗೆ ಕೋಣೆಯ ಗಾಳಿಯನ್ನೂ ಒಮ್ಮೆ ಎಣಿಸೋಣ.